ಶಿಲುಬೆ ನೆಟ್ಟಗೆ ನಿಂತಿದೆ, ನಿಮಗೆಲ್ಲ ವಂದನೆ

ಗ್ಲಾಸ್ಟರ್‌ಶೈರ್‌ನ ನಮ್ಮ ಹಳ್ಳಿಯ ಚರ್ಚ್ ಅಂಗಳದಲ್ಲಿರುವ 15ನೇ ಶತಮಾನದ ಕಲ್ಲಿನ ಶಿಲುಬೆಯ ದುರಸ್ತಿ ಕಳೆದ ವಾರ ಮುಗಿಯಿತು. ಹಣ ಕೊಟ್ಟವರಲ್ಲಿ ಇಂಗ್ಲೆಂಡಿನ ಬೇರೆ ಬೇರೆ ಊರುಗಳ ಕನ್ನಡಿಗರೂ ಇದ್ದೀರಿ. ಕಂಡರಿಯದ ಹಳ್ಳಿಯ ಕಲ್ಲಿಗೆ ನಾವೇಕೆ ಕೊಡಬೇಕು ಎಂದು ಒಬ್ಬರೂ ಕೇಳಲಿಲ್ಲ. ಆ ದೊಡ್ಡ ಮನಸ್ಸಿಗೆ ಮೊದಲ ನಮಸ್ಕಾರ.

ಒಂದು ಕಾಲಕ್ಕೆ ಈಸ್ಟರ್ ಹಬ್ಬದ ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರದ ಮೆರವಣಿಗೆ ಇಂಥ ಶಿಲುಬೆಗಳ ಮುಂದೆ ನಿಂತು ಸಾಗುತ್ತಿತ್ತು. 1643ರಲ್ಲಿ ಪಾರ್ಲಿಮೆಂಟು ಇವನ್ನು ಕೆಡವಲು ಆಜ್ಞೆ ಹೊರಡಿಸಿತು. ಎಷ್ಟೋ ಊರುಗಳಲ್ಲಿ ಈಗ ಮೆಟ್ಟಿಲು, ಮೋಟುಕಂಬ ಅಷ್ಟೇ ಇವೆ. ಇದೇ ಸೀಮೆಯ ಆಂಪ್ನಿ ಕ್ರೂಸಿಸ್‌ನಲ್ಲಿ ಶಿಲುಬೆಯ ಕೆತ್ತನೆಯ ತಲೆಭಾಗ 19ನೇ ಶತಮಾನದಲ್ಲಿ ಚರ್ಚಿನ ಗೋಡೆಯೊಳಗೆ ಸಿಕ್ಕಿತು. ನಮ್ಮದು ತಲೆಸಹಿತ ಉಳಿದದ್ದೇ ಪುಣ್ಯ.

ಆದರೆ ಹಿಂದಿನವರು ಕಂಬಕ್ಕೆ ಹಾಕಿದ್ದ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ, ಕಲ್ಲನ್ನು ಸೀಳಿತ್ತು. ಮೇಲೆ ಮೆತ್ತಿದ್ದ ಸಿಮೆಂಟು ನೀರನ್ನು ಒಳಗೇ ಹಿಡಿದಿಟ್ಟಿತ್ತು. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿದಾಗಲೆಲ್ಲ ಸುಣ್ಣಕಲ್ಲಿನ ಚಕ್ಕೆಗಳು ಉದುರುತ್ತಿದ್ದವು.

ನಮ್ಮ ಕಲ್ಲುಕುಟಿಗ ಹೆಣ್ಣುಮಗಳಿಗೆ ಎಷ್ಟು ವಂದಿಸಿದರೂ ಸಾಲದು. ಸಿಮೆಂಟನ್ನು ಯಂತ್ರ ಮುಟ್ಟಿಸದೆ ಸಣ್ಣ ಉಳಿಯಿಂದಲೇ ಬಿಡಿಸಿದರು. ತುಕ್ಕು ಹಿಡಿಯದ ಉಕ್ಕಿನ ಸರಳು ಕೂರಿಸಿ, ಸಂದುಗಳಿಗೆ ಸುಣ್ಣದ ಗಾರೆಯನ್ನು ಬೆರಳಗಲದ ಕರಣೆಯಿಂದ ಒತ್ತಿ ಒತ್ತಿ ತುಂಬಿದರು. ಗಾರೆ ಬೇಗ ಒಣಗಿ ಬಿರುಕು ಬಿಡಬಾರದೆಂದು ಒದ್ದೆ ಗೋಣಿತಾಟು ಸುತ್ತಿ, ಬೆಳಗ್ಗೆ ಸಂಜೆ ಬಂದು ಮುಟ್ಟಿ ನೋಡುತ್ತಿದ್ದರು. ಇದಕ್ಕಿಂತ ಹೆಚ್ಚಾಗಿ, ಅವರು ಮಾಡದೆ ಬಿಟ್ಟ ಕೆಲಸಕ್ಕೆ ನಾನು ಋಣಿ. ಶಿಲುಬೆಯ ಮೇಲೆ ಕೆತ್ತಿರುವ, ಮಗು ಯೇಸುವನ್ನೆತ್ತಿಕೊಂಡ ತಾಯಿ ಮರಿಯಮ್ಮನ ಮುಖ ಸವೆದು ಕಣ್ಣು, ಮೂಗು ಗುರುತೇ ಸಿಗದಂತಾಗಿದೆ. ಹೊಸದಾಗಿ ಕೆತ್ತಿಬಿಡಿ ಎಂದವರು ಊರಿನಲ್ಲಿ ಕೆಲವರಿದ್ದರು. ನಮ್ಮ ಕಲ್ಲುಕುಟಿಗರು ಒಪ್ಪಲಿಲ್ಲ. ಕಿತ್ತಳೆ, ಬೂದು ಬಣ್ಣದ ಕಲ್ಲುಹೂವನ್ನೂ ಕೆರೆಯಲಿಲ್ಲ. ಶಿಲುಬೆ ತನ್ನ ವಯಸ್ಸಿನೊಂದಿಗೇ ಗಟ್ಟಿಯಾಯಿತು.

ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತ ವಲಯದ) ಅನುಮತಿಗಾಗಿ ಕಾಗದಪತ್ರಗಳ ಹಿಂದೆ ಓಡಾಡಿದ, ಚರ್ಚಿನ ಮೇಲ್ವಿಚಾರಣೆ ನೋಡಿಕೊಳ್ಳುವ ಚರ್ಚ್‌ವಾರ್ಡನ್ನರಿಗೆ, ಭಾನುವಾರಗಳಂದು ಚಹಾ, ಕೇಕ್ ಮಾರಿ ಹಣ ಕೂಡಿಸಿದ ಹಿರಿಯರಿಗೆ, ಸಮಾಧಿಗಳ ನಡುವೆ ಅಟ್ಟಣಿಗೆ ನಿಲ್ಲಿಸಲು ಒಪ್ಪಿದ ಕುಟುಂಬಗಳಿಗೆ ಕೈಮುಗಿಯುತ್ತೇನೆ. ಉಳಿದ ಹಣವನ್ನು ಮುಂದಿನ ಚಳಿಗಾಲದ ನಂತರ ಸಂದುಗಳ ಪರೀಕ್ಷೆಗೆಂದು ತೆಗೆದಿರಿಸಿದ್ದೇವೆ. ಲೆಕ್ಕಪತ್ರ ಚರ್ಚಿನ ಬಾಗಿಲ ಬಳಿ ಇದೆ, ಬಂದವರು ದಯವಿಟ್ಟು ನೋಡಿ.