ಗೌಡ್ರಿಗೊಂದು ಪತ್ರ: ಬಿಲ್ಲಿದ್ದವನಿಗೆ ಪಿಸ್ತೂಲು ಯಾಕೆ?

ಗೌಡ್ರೇ,

ಮೊನ್ನೆ ಫೋನಲ್ಲಿ ಕೇಳಿದೆಯಲ್ಲ, "ಬಿಲ್ಲು ಬಾಣ ಹಿಡಿದು ಹೋಗೋನಿಗೆ ಪಿಸ್ತೂಲು ಯಾಕೋ?" ಅಂತ. ಏನೋ ಹೇಳಿ ಜಾರಿಕೊಂಡೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ, ನಾಲ್ಕು ಜನ ಓದಲಿ. ಎನ್‌ಸಿಸಿ ಕ್ಯಾಂಪು, ಹವಾಲ್ದಾರರ ಟೀ ಲೋಟ, ಇದನ್ನೆಲ್ಲ ನೀನು ಇಲ್ಲಿ ಎತ್ತಿದರೆ ನಾನೂ ನಿನ್ನ ಇಡ್ಲಿ ಲೆಕ್ಕವನ್ನು ಎತ್ತುತ್ತೇನೆ.

ಅಮೆರಿಕದಲ್ಲಿ ನಾನಿರುವ ಈ ಮೊಂಟಾನಾ ರಾಜ್ಯದಲ್ಲಿ ಸೆಪ್ಟೆಂಬರ್ ಮೊದಲ ವಾರದಿಂದ ಸುಮಾರು ಆರು ವಾರ ಬಿಲ್ಲಿನವರ ಎಲ್ಕ್ ಬೇಟೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಅದಕ್ಕದು ಬೆದೆಯ ಕಾಲ. ಹೆಣ್ಣಿನ ಹಾಗೆ ದನಿ ಮಾಡಿ ಗಂಡನ್ನು ಮೂವತ್ತು ನಲವತ್ತು ಗಜದೊಳಗೆ ಕರೆಸಿಕೊಳ್ಳಬೇಕು. ತಮಾಷೆ ಏನು ಗೊತ್ತಾ? ಕರಡಿ ಇರುವ ಕಾಡಿನಲ್ಲಿ ಏನು ಮಾಡಬಾರದು ಅಂತ ಬೋರ್ಡು ಹಾಕಿರುತ್ತಾರಲ್ಲ, ಅದನ್ನೆಲ್ಲ ನಾವು ಕಷ್ಟಪಟ್ಟು ಮಾಡುತ್ತೇವೆ. ಗಟ್ಟಿಯಾಗಿ ಮಾತಾಡುತ್ತಾ ನಡೆಯಿರಿ ಅನ್ನುತ್ತದೆ ಬೋರ್ಡು. ನಾವು ಕೆಮ್ಮನ್ನೂ ನುಂಗುತ್ತೇವೆ. ನಮ್ಮ ವಾಸನೆ ಮುಂದೆ ಹೋಗದಿರಲಿ ಅಂತ ಗಾಳಿಗೆ ಎದುರಾಗಿ ನಡೆಯುತ್ತೇವೆ. ಮೇಲಿಂದ ಊಟದ ದನಿಯನ್ನೂ ನಾವೇ ಮಾಡುತ್ತೇವೆ. ಅದೂ ಯಾವಾಗ? ಗ್ರಿಜ್ಲಿ ಕರಡಿ ಚಳಿಗಾಲದ ನಿದ್ದೆಗೆ ಮುಂಚೆ ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನುವ ಹೊತ್ತಿನಲ್ಲಿ.

ಅದಕ್ಕೇ ಸೊಂಟದಲ್ಲಿ ಕರಡಿ ಸ್ಪ್ರೇ, ಎದೆ ಮೇಲೆ ಪಿಸ್ತೂಲು. ಸ್ಪ್ರೇ ಅಂದರೆ ಬೇರೇನಲ್ಲ, ಮೆಣಸಿನಕಾಯಿ ಖಾರ. ಪಿಸ್ತೂಲು ಜೀವ ಉಳಿಸಿಕೊಳ್ಳಲು ಮಾತ್ರ, ಅದರಿಂದ ಎಲ್ಕ್ ಹೊಡೆಯುವ ಹಾಗಿಲ್ಲ. ಕರಡಿಯನ್ನೂ ಸುಮ್ಸುಮ್ನೆ ಹೊಡೆಯುವ ಹಾಗಿಲ್ಲ. 1975ರಿಂದ ಇಲ್ಲಿ ಗ್ರಿಜ್ಲಿಗೆ ಕಾನೂನಿನ ರಕ್ಷಣೆ ಇದೆ.

ಕೊಳ್ಳುವ ಮುಂಚೆ ನಾನು ಓದಿದವನೇ. ಅಲಾಸ್ಕಾದ ಘಟನೆಗಳನ್ನು ಒಟ್ಟುಹಾಕಿ 2008ರಲ್ಲಿ ಒಂದು ಅಧ್ಯಯನ ಬಂತು. ಸ್ಪ್ರೇ ಹೊಡೆದ ಕಡೆ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಸಲ ಕರಡಿ ತಾನು ಮಾಡುತ್ತಿದ್ದುದನ್ನು ಬಿಟ್ಟಿದೆ. ಸ್ಪ್ರೇ ಇಟ್ಟುಕೊಂಡಿದ್ದವರಲ್ಲಿ 98% ಜನರಿಗೆ ಗಾಯವಿಲ್ಲ. ಹೆಚ್ಚುಕಡಿಮೆ ಅದೇ ತಂಡ 2012ರಲ್ಲಿ ಬಂದೂಕಿನ ಲೆಕ್ಕವನ್ನೂ ತೆಗೆಯಿತು, 269 ಘಟನೆ. ಬಂದೂಕಿದ್ದೂ ಹೊಡೆಯದವರಿಗೂ ಹೊಡೆದವರಿಗೂ ಗಾಯದ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಷ್ಟೂ ಓದಿದೆ. ಓದಿ ಹೋಗಿ ಗ್ಲಾಕ್ ಪಿಸ್ತೂಲು ಕೊಂಡೆ.

ಯಾಕೆ ಅಂದರೆ ತಲೆಯಲ್ಲಿ ಕೂತಿದ್ದು ಆ ಲೆಕ್ಕ ಅಲ್ಲ, 2018ರ ಒಂದು ಸುದ್ದಿ. ವಯೋಮಿಂಗ್‌ನ ಟೀಟನ್ ಕಾಡು. ಹಿಂದಿನ ದಿನ ಬಾಣಕ್ಕೆ ಬಿದ್ದ ಎಲ್ಕನ್ನು ಒಬ್ಬ ಗೈಡ್ ಕೊಯ್ಯುತ್ತಿದ್ದ. ಕರಡಿ ನುಗ್ಗಿತು. ಪಿಸ್ತೂಲು ಇತ್ತು, ಆದರೆ ಕಳಚಿಟ್ಟ ಚೀಲಗಳ ಹತ್ತಿರ. ಜೊತೆಗಿದ್ದವನು ಅದನ್ನು ಎತ್ತಿಕೊಂಡ, ಹೊಡೆಯಲು ಆಗಲಿಲ್ಲ, ಗೈಡ್ ಕಡೆ ಎಸೆದ. ಅದು ತಲುಪಲಿಲ್ಲ. ಗೈಡ್ ಉಳಿಯಲಿಲ್ಲ. ಅದನ್ನು ಓದಿದ ಮೇಲೆ ಸರಿಯಾಗಿ ಎದೆ ಮೇಲೆ ಕೂರುವ ಚರ್ಮದ ಪಟ್ಟಿ ತಂದೆ. ಗುಂಡು ತುಂಬಿದರೆ ಒಂದು ಕಿಲೋ ಮೇಲೆ ತೂಕ. ರಾತ್ರಿ ಟೆಂಟಿನಲ್ಲೂ ಕೈಗೆಟುಕುವ ಹಾಗೇ ಇಡುತ್ತೇನೆ.

ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಬಂತಲ್ಲ, ನಮ್ಮ ಕೊಡವರ ಆಯುಧ ಪೂಜೆ. ಅಪ್ಪ ವಿಡಿಯೋ ಕಾಲ್ ಮಾಡಿ ಮನೆಯ ಕೋವಿಗಳನ್ನು ತೋರಿಸಿದರು, ನಳಿಗೆಯಲ್ಲಿ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿತ್ತು. ನಾನು ಗ್ಲಾಕ್ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದಕ್ಕೆ ಹೂ ಎಲ್ಲಿ ಸಿಕ್ಕಿಸೋದು?" ಅಂದರು.

ಆಮೇಲೆ ನಡೆದದ್ದನ್ನು ಅಪ್ಪನಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಎರಡು ವಾರದ ಹಿಂದೆ, ಗ್ಯಾಲಟಿನ್ ಬೆಟ್ಟಗಳಲ್ಲಿ, ಬೆಳಗ್ಗೆ. ನೀನು ಫೋಟೋದಲ್ಲಿ ನೋಡಿದ ಆ ಗಡ್ಡದಣ್ಣ ಬಿಲ್ಲು ಹಿಡಿದು ಮುಂದೆ. ಕೂಗುವ ಕೆಲಸ ನನ್ನದು, ಅವನಿಗಿಂತ ನಲವತ್ತು ಹೆಜ್ಜೆ ಹಿಂದೆ. ಬಿಲ್ಲುಗಾರ ಮುಂದೆ, ಕೂಗುವವನು ಹಿಂದೆ. ಇದು ಇಲ್ಲಿಯ ಪದ್ಧತಿ. ಬರುವ ಎಲ್ಕ್ ದನಿಯನ್ನೇ ಹುಡುಕುತ್ತಾ ಬರುತ್ತದೆ, ನಡುವೆ ನಿಂತವನನ್ನು ನೋಡುವುದಿಲ್ಲ. ನಾಲ್ಕನೇ ಸಲ ಕೂಗಿದೆ. ಪೊದೆ ಅಲ್ಲಾಡಿತು. ಬಂದದ್ದು ಎಲ್ಕ್ ಅಲ್ಲ.

ಅದು ಹಿಂಗಾಲಲ್ಲಿ ಎದ್ದು ನಿಂತಿತು. ಗಡ್ಡದಣ್ಣ ಬಿಲ್ಲನ್ನು ಮೆಲ್ಲಗೆ ಇಳಿಸಿದ. ಮಗುವಿಗೆ ಹೇಳುವ ಹಾಗೆ ಅದರ ಜೊತೆ ಮಾತಾಡುತ್ತಾ ಇನ್ನೊಂದು ಕೈಯನ್ನು ಸ್ಪ್ರೇ ಮೇಲೆ ಇಟ್ಟ. ಕರಡಿ ಮೂಗು ಎತ್ತಿತು, ಇಳಿಯಿತು, ನಮಗೆ ಬೆಲೆಯೇ ಇಲ್ಲ ಅನ್ನುವ ಹಾಗೆ ಬಂದ ದಾರಿಯಲ್ಲೇ ಹೋಯಿತು. ಒಟ್ಟು ಅರ್ಧ ನಿಮಿಷ ಇರಬಹುದು.

ನನ್ನ ಕೈಯಲ್ಲಿ ಪಿಸ್ತೂಲು ಇತ್ತು. ಯಾವಾಗ ಎಳೆದೆ, ಗೊತ್ತಿಲ್ಲ. ಎರಡೂ ಕೈಯಲ್ಲಿ ಹಿಡಿದಿದ್ದೆ, ಕಲಿಸಿದ ಹಾಗೇ. ಕರಡಿ ಹೋದ ಮೇಲೆ ಕಣ್ಣು ನೆಟ್ಟಗಾಯಿತು. ನಳಿಗೆಯ ಮುಂದೆ ಇದ್ದದ್ದು ಗಡ್ಡದಣ್ಣನ ಬೆನ್ನು. ಕರಡಿ ಅದರ ಆಚೆಗೆ ಇತ್ತು. ಬೆರಳು ಟ್ರಿಗರ್ ಮೇಲೆ ಇತ್ತು ಗೌಡ. ಈ ಪಿಸ್ತೂಲಿಗೆ ಬೇರೆ ಸೇಫ್ಟಿ ಗುಂಡಿ ಇಲ್ಲ.

ಅವನು ತಿರುಗುವಷ್ಟರಲ್ಲಿ ಒಳಗೆ ಹಾಕಿದೆ. ಹತ್ತಿರ ಬಂದು ಭುಜ ತಟ್ಟಿದ. "ಹೊಸಬರು ಗಾಬರಿಯಾಗಿ ಗುಂಡು ಹಾರಿಸಿಬಿಡುತ್ತಾರೆ. ನೀನು ತಣ್ಣಗೆ ನಿಂತೆ" ಅಂದ. ಸಂಜೆ ಬಿಯರ್ ಕೂಡ ಅವನೇ ಕೊಡಿಸಿದ. ಕುಡಿದೆ ಕಣೋ. ಎರಡು.

ಅಜ್ಜನ ಮನೆಯಲ್ಲಿ ಖಾಲಿ ಕೋವಿಯನ್ನು ಮನುಷ್ಯರ ಕಡೆ ತಿರುಗಿಸಿದರೂ ಆ ದಿನ ಊಟ ಇರಲಿಲ್ಲ. ಕೋವಿಗೆ ಲೈಸೆನ್ಸ್ ಬೇಡದ ಜನ ನಾವು, ಕೊಡಗಿನವನು ಅಂದರೆ ಹುಟ್ಟಾ ಗುರಿಕಾರ ಅಂತ ಕಾಲೇಜಿನಲ್ಲಿ ನಾನೇ ಬಿಟ್ಟುಕೊಂಡು ತಿರುಗುತ್ತಿದ್ದೆನಲ್ಲ. ಕರಡಿ ನನ್ನನ್ನು ಕೊಲ್ಲಬಹುದು ಅಂತ ಎಷ್ಟು ಸಲ ಯೋಚಿಸಿದ್ದೆನೋ. ಆ ಒಂದು ಕಿಲೋದಿಂದ ಇನ್ಯಾರಿಗೋ ಏನಾದರೂ ಆಗಬಹುದು ಅಂತ ಒಂದು ಸಲವೂ ಹೊಳೆದಿರಲಿಲ್ಲ. ಈಗ ಮಲಗಿದರೆ ಕರಡಿ ಬರುವುದಿಲ್ಲ. ಆ ಬೆನ್ನು ಬರುತ್ತದೆ. ಹಸಿರು ಜಾಕೆಟ್ಟು, ಎಡಗಡೆ ಹೊಲಿಗೆ ಬಿಚ್ಚಿದೆ.

ಸಾಕು, ಜಾಸ್ತಿ ಆಯಿತು. ಗಡ್ಡದಣ್ಣನಿಗೆ ಕನ್ನಡ ಬರುವುದಿಲ್ಲ, ಆ ಧೈರ್ಯದ ಮೇಲೆ ಇಷ್ಟು ಬರೆದಿದ್ದೇನೆ. ಅವನ ಹೆಂಡತಿಗೆ ಟ್ರಾನ್ಸ್‌ಲೇಟ್ ಬಟನ್ ಒತ್ತುವ ಚಟ ಇದೆ, ದೇವರೇ ಕಾಯಬೇಕು. ಹೇಳಬೇಕು ಅಂತ ಎರಡು ಸಲ ಅವನ ಗ್ಯಾರೇಜಿನವರೆಗೂ ಹೋದೆ. ಒಂದು ಸಲ ಏಣಿ ಕೇಳಿಕೊಂಡು ಬಂದೆ. ಇನ್ನೊಂದು ಸಲ ಏಣಿ ವಾಪಸ್ ಕೊಟ್ಟು ಬಂದೆ.

ಈ ಶನಿವಾರ ಮತ್ತೆ ಕರೆದಿದ್ದಾನೆ. ನೀನು ಚೆನ್ನಾಗಿ ಪಳಗಿದ್ದೀಯ, ಈ ಸಲ ಬಿಲ್ಲು ಹಿಡಿದು ನೀನೇ ಮುಂದೆ ನಿಲ್ಲು, ಹಿಂದೆ ನಿಂತು ನಾನು ಕೂಗುತ್ತೇನೆ ಅಂದಿದ್ದಾನೆ. ಅವನ ಎದೆ ಮೇಲೂ ಒಂದಿದೆ. ನನ್ನದಕ್ಕಿಂತ ದೊಡ್ಡದು.

ನಿನ್ನ,
ಟೀ ಲೋಟ