ಬೀಗ ಹಾಕಿದ ಅಂಗನವಾಡಿ ಕಟ್ಟಡ ತೆರೆದು, ಸಂಜೆ ನಾಲ್ಕರಿಂದ ಎಂಟರವರೆಗೆ ನಮ್ಮ ಮಕ್ಕಳಿಗೆ ಬಿಟ್ಟುಕೊಡುವ ಕುರಿತು ಏಳನೆಯ ಮನವಿ

ಇವರಿಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಪುರಸಭೆ ಕಾರ್ಯಾಲಯ, ಹಾವೇರಿ ಜಿಲ್ಲೆ

ಇಂದ,
ಗುಡಿ ಹಿಂದಿನ ಓಣಿ ಮತ್ತು ಹೊಸ ಪ್ಲಾಟಿನ ಸಮಸ್ತ ನಿವಾಸಿಗಳು

ಉಲ್ಲೇಖ: ಇದೇ ವಿಷಯವಾಗಿ ಕೊಟ್ಟ ಹಿಂದಿನ ಆರು ಮನವಿಗಳು (ಆವಕ ಮುದ್ರೆಯಿರುವ ಜೆರಾಕ್ಸ್ ಪ್ರತಿ ಲಗತ್ತಿಸಿದೆ, ನಿಮ್ಮ ಕಡತದಲ್ಲಿ ಅವು ಸಿಗುತ್ತವೆಂಬ ನಂಬಿಕೆ ಉಳಿದಿಲ್ಲ)

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಈ ಸಾಲನ್ನು ಏಳನೇ ಸಲ ಬರೆಯುತ್ತಿದ್ದೇವೆ. ಸವಿನಯ ತೀರುತ್ತ ಬಂದಿದೆ.

ಕಟ್ಟಡ ಯಾವುದೆಂದು ತಮಗೆ ಗೊತ್ತು. ಗೋಡೆಯ ಹೊರಗೆ ಮೊಲ, ಆನೆ, ಅ ಆ ಇ ಈ ಬರೆಸಿ ಎರಡು ವರ್ಷವಾಯಿತು. ಒಳಗೆ ಮಕ್ಕಳಿಲ್ಲ, ಪುರಸಭೆಯ ಬ್ಲೀಚಿಂಗ್ ಪೌಡರ್ ಚೀಲಗಳಿವೆ, ಹಳೇ ಫ್ಲೆಕ್ಸ್ ಚೌಕಟ್ಟುಗಳಿವೆ. ಮಕ್ಕಳು ಇವತ್ತಿಗೂ ಗಟಾರದ ಪಕ್ಕದ ಬಾಡಿಗೆ ಖೋಲಿಯಲ್ಲೇ ಕೂರುತ್ತಾರೆ. ಮಳೆ ಬಂದರೆ ಅಂಗನವಾಡಿ ಅಕ್ಕಾರು ಮೊದಲು ಅಕ್ಕಿ ಚೀಲ ಎತ್ತಿಡಬೇಕು, ಆಮೇಲೆ ಮಕ್ಕಳನ್ನು.

ಇಷ್ಟೇ ಆಗಿದ್ದರೆ ಏಳನೇ ಮನವಿ ಬರೆಯುತ್ತಿರಲಿಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ತೊಟ್ಟು ಬಿಡಿಸಲು ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ಟಂಟಂ ಗಾಡಿ ಹತ್ತಿದರೆ ಇಳಿಯುವುದು ರಾತ್ರಿ ಎಂಟಕ್ಕೆ. ಅಂಗನವಾಡಿ ನಾಲ್ಕಕ್ಕೆ ಮುಚ್ಚುತ್ತದೆ, ಸಾಲಿಯೂ ಹೆಚ್ಚು ಕಡಿಮೆ ಆಗಲೇ ಬಿಡುತ್ತದೆ. ನಾಲ್ಕರಿಂದ ಎಂಟರವರೆಗೆ ಈ ಮಕ್ಕಳು ಯಾರ ಮಕ್ಕಳು? ಈ ಪ್ರಶ್ನೆಗೆ ಆರು ಮನವಿಗಳಲ್ಲಿ ಉತ್ತರ ಕೇಳಿದ್ದೇವೆ.

ಮನವಿ ಬರೆಯುತ್ತಿರುವ ನಾನು ಹೊಲಿಗೆ ಮಷೀನು ಇಟ್ಟುಕೊಂಡವಳು. ನನ್ನ ಕಿಟಕಿಯ ಎದುರಿಗೇ ಆ ಕಟ್ಟಡದ ಹಿಂಬದಿ. ಕಳೆದ ತಿಂಗಳು ಒಂದು ಸಂಜೆ ಹತ್ತು ವರ್ಷದ ಹುಡುಗ ಅಲ್ಲಿ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ತಂಗಿ, ಎರಡೂವರೆ ವರ್ಷದ್ದು, ಮಣ್ಣು ತಿನ್ನುತ್ತಿತ್ತು. ಏನೋ ಅದು ಎಂದೆ. “ನೆಗಡಿ ಆಗೇತ್ರಿ ಅಕ್ಕಾರ, ಮೂಗ ಒರಸ್ಕೊಳಾಕತ್ತೇನಿ” ಎಂದ. ಕರವಸ್ತ್ರದಲ್ಲಿ ಪಂಕ್ಚರ್ ಸಲ್ಯೂಷನ್. ಕಣ್ಣು ಎಲ್ಲೋ ಇತ್ತು, ಮಾತು ಎಲ್ಲೋ. ಆ ಟ್ಯೂಬು ಕೆಲವು ರೂಪಾಯಿಗೆ ಸಿಗುತ್ತದೆ. ಅದರ ಆವಿ ನೇರ ಮೆದುಳಿಗೇ ಹತ್ತುವಂಥದ್ದು. ಸೈಕಲ್ ಇಲ್ಲದ ಹುಡುಗ ಸಲ್ಯೂಷನ್ ಯಾಕೆ ಕೊಳ್ಳುತ್ತಾನೆ ಎಂದು ಮಾರುವವನು ಕೇಳುವುದಿಲ್ಲ, ಅವನನ್ನು ಕೇಳುವವರೂ ಇಲ್ಲ. ಆ ಸಂಜೆಯಿಂದ ಕಟ್ಟಡದ ಹಿಂದೆ ಬಿದ್ದ ಟ್ಯೂಬುಗಳನ್ನು ಆರಿಸಿ ಇಟ್ಟಿದ್ದೇನೆ.

ಅದೇ ಮೂಲೆಯ ಕಿರಾಣಿ ಅಂಗಡಿಯಲ್ಲಿ ಸಂಜೆಯಾದರೆ ಮದ್ಯದ 90 ಎಂ.ಎಲ್. ಪಾಕೀಟು ಮಾರಾಟ. ತರಲು ಕಳಿಸುವುದು ಮಕ್ಕಳನ್ನೇ. ಮದ್ಯ ಮಾರಲು ಲೈಸೆನ್ಸ್ ಇರುವವನು ಶಾಲೆಯಿಂದ 100 ಮೀಟರ್ ದೂರ ಇರಬೇಕೆಂದು ಅಬಕಾರಿ ನಿಯಮ ಹೇಳುತ್ತದೆ. ಲೈಸೆನ್ಸೇ ಇಲ್ಲದವನಿಗೆ ಯಾವ ನಿಯಮವೂ ಇಲ್ಲವೆಂದು ಕಾಣುತ್ತದೆ. ಶಾಲೆಯ ಆಸುಪಾಸಿನಲ್ಲಿ ಬೀಡಿ, ಸಿಗರೇಟು, ಗುಟ್ಕಾ ಮಾರಬಾರದೆಂದು 2003ರ ಕಾಯ್ದೆಯಿದೆ, ಅದರ ಬೋರ್ಡು ಗುಟ್ಕಾ ಸರ ತೂಗುಹಾಕಿದ ಮೊಳೆಗೇ ತೂಗುತ್ತಿದೆ. ಮಗುವಿನ ಕೈಗೆ ಮದ್ಯವನ್ನೋ ತಂಬಾಕನ್ನೋ ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ನಮ್ಮ ಓಣಿಯಲ್ಲಿ ಏಳು ನಿಮಿಷ ಯಾರನ್ನೂ ನಿಲ್ಲಿಸಿ ಕೇಳಿದ್ದಿಲ್ಲ. ಅಂಗಡಿಯ ಉದ್ದಿಮೆ ಪರವಾನಗಿ ಕೊಡುವುದು ತಮ್ಮದೇ ಕಚೇರಿ, ಆದ್ದರಿಂದ “ಅದು ಪೊಲೀಸ್ನೋರ ಕೆಲಸ” ಎಂಬ ಮಾತು ದಯವಿಟ್ಟು ಬೇಡ.

ಇನ್ನು ಹಿಂದಿನ ಮನವಿಗಳ ಕಥೆ. ಮೊದಲನೆಯದಕ್ಕೆ ಮುದ್ರೆ ಒತ್ತಿ ಕೊಟ್ಟರು, ಅದೊಂದೇ ಸಲೀಸಾಗಿ ಆದ ಕೆಲಸ. ಎರಡನೆಯದಕ್ಕೆ ಎಂಜಿನಿಯರ್ ಬಂದು ಬೀಗದ ಫೋಟೋ ತೆಗೆದುಕೊಂಡು ಹೋದರು. ಮೂರನೆಯದನ್ನು ಕೊಡಲು ಹೋದಾಗ “ಇದು ನಮ್ಮ ಕೆಲಸ ಅಲ್ರಿ, ಸಿಡಿಪಿಓ ಆಫೀಸಿಗೆ ಹೋಗ್ರಿ” ಎಂದರು. ಅಂಗನವಾಡಿಗಳನ್ನು ನೋಡಿಕೊಳ್ಳುವ ಆ ಕಚೇರಿಗೆ ಕೂಲಿ ಬಿಟ್ಟು ಹೋದೆವು. ಅಲ್ಲಿ “ಕಟ್ಟಡ ನಮಗಿನ್ನೂ ಹಸ್ತಾಂತರ ಆಗಿಲ್ರಿ, ಪುರಸಭೆಗೆ ಹೋಗ್ರಿ” ಎಂದರು. ಹಸ್ತಾಂತರ ಯಾಕಾಗಿಲ್ಲ? ಕರೆಂಟ್ ಮೀಟರ್ ಕೂರಿಸಿಲ್ಲ. ಮೀಟರ್ ಯಾಕೆ ಕೂರಿಸಿಲ್ಲ? ಹಸ್ತಾಂತರ ಆಗಿಲ್ಲ. ನಾಲ್ಕನೆಯದನ್ನು ಅಧಿಕಾರಿಗಳು ದೂರು ಕೇಳುವ ಜನಸ್ಪಂದನ ಸಭೆಯಲ್ಲಿ ಕೊಟ್ಟು, ಮಧ್ಯಾಹ್ನ ಮೂರರವರೆಗೆ ಟೋಕನ್ ಹಿಡಿದು ಕೂತೆವು. ಹದಿನೈದು ದಿನಕ್ಕೆ ಮೊಬೈಲಿಗೆ ಮೆಸೇಜು: ತಮ್ಮ ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ. ಓಡಿಹೋಗಿ ನೋಡಿದೆವು, ಬೀಗ ಹಾಗೆಯೇ ಇತ್ತು. ಐದನೆಯದರ ಜೊತೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆವು. 30 ದಿನದಲ್ಲಿ ಕೊಡಬೇಕಾದ ಉತ್ತರ ಎರಡು ತಿಂಗಳಿಗೆ ಬಂತು: ಕಡತ ಲಭ್ಯವಿಲ್ಲ. ಕಡತವಿಲ್ಲದೆ ಕಟ್ಟಡ ಹೇಗೆ ಎದ್ದಿತು, ಬಿಲ್ಲು ಹೇಗೆ ಪಾಸಾಯಿತು ಎಂದು ಆರನೆಯದರಲ್ಲಿ ಕೇಳಿದೆವು. ಅದಕ್ಕೆ ಇವತ್ತಿನವರೆಗೂ ಮೌನ.

ಹಳ್ಳಿಯ ಕೂಲಿ ತಾಯಂದಿರ ಕೂಸುಗಳಿಗೆಂದು ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ “ಕೂಸಿನ ಮನೆ” ತೆರೆದಿದೆ. ಒಳ್ಳೆಯದು, ನಮಗೆ ಹೊಟ್ಟೆಕಿಚ್ಚಿಲ್ಲ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯೂ ಅಲ್ಲಿ ನಡೆಯುತ್ತದೆ, ಮಕ್ಕಳು ಎದ್ದು ನಿಂತು ಪಂಚಾಯಿತಿ ಅಧಿಕಾರಿಯಾದ ಪಿಡಿಓ ಅವರನ್ನೇ ಪ್ರಶ್ನೆ ಕೇಳುತ್ತಾರೆ. ನಮ್ಮೂರಿಗೆ ಪುರಸಭೆ ಎಂಬ ಹೆಸರಿರುವುದರಿಂದ ಇವೆರಡೂ ಇಲ್ಲ. ಪಟ್ಟಣದ ಕೂಲಿಯವಳ ಕೂಸು ಕೂಸಲ್ಲವೇ?

ದುಡ್ಡಿಲ್ಲ ಎನ್ನಬೇಡಿ. ಬಡವರ ಕಲ್ಯಾಣಕ್ಕೆಂದು ಶೇ 7.25ರ ನಿಧಿ ತಮ್ಮ ಬಜೆಟ್ಟಿನಲ್ಲೇ ಇದೆ, ಅದರ ಪುಸ್ತಕ ಹಂಚುವ ಫೋಟೋ ನಾವೂ ನೋಡಿದ್ದೇವೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ಶೇ 6ರಂತೆ ತಪ್ಪದೆ ಕಟ್ಟುತ್ತಿದ್ದೇವೆ, ನಮ್ಮ ಮಕ್ಕಳು ಗ್ರಂಥಾಲಯದ ಒಳಗೆ ಹೇಗಿರುತ್ತದೆಂದು ನೋಡಿಲ್ಲ.

ನಾವು ಕೇಳುವುದು ದೊಡ್ಡದಲ್ಲ. ಬ್ಲೀಚಿಂಗ್ ಚೀಲ ಹೊರಗೆ, ಮಕ್ಕಳು ಒಳಗೆ. ಒಂದು ಮೀಟರ್, ಒಂದು ನಲ್ಲಿ, ಬಾಗಿಲು ಗಟ್ಟಿಯಿರುವ ಒಂದು ಶೌಚಾಲಯ. ಸಂಜೆ ನಾಲ್ಕರಿಂದ ಎಂಟರವರೆಗೆ ಓಣಿಯ ಇಬ್ಬರು ಹೆಣ್ಣುಮಕ್ಕಳಿಗೆ ಗೌರವಧನ ಕೊಟ್ಟು ಕೂರಿಸಿ. ಒಬ್ಬರು ಸಣ್ಣವರನ್ನು ನೋಡಿಕೊಳ್ಳಲಿ, ಇನ್ನೊಬ್ಬರು ದೊಡ್ಡವರಿಗೆ ಪಾಠ ಓದಿಸಲಿ. ಅಂಗನವಾಡಿ ಅಕ್ಕಾರ ಮೇಲೆ ಇದನ್ನೂ ಹೇರಬೇಡಿ, ಸರ್ವೆ ಮಾಡೀ ಮಾಡೀ ಅವರು ಹೈರಾಣಾಗಿದ್ದಾರೆ.

ಇದರಿಂದ ಏನಾಗುತ್ತದೆ ಎಂದು ಕೇಳಬಹುದು. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ತಮ್ಮನನ್ನು ಹಿಡಿಯಲು ಸಾಲಿ ಬಿಟ್ಟಳು. ಮನೆಯಲ್ಲೇ ಇದ್ದಾಳಲ್ಲ ಎಂದು ಮದುವೆ ಗೊತ್ತುಮಾಡಿದರು. ನಾವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು. ಅಧಿಕಾರಿಗಳು ಬಂದು ಮುಚ್ಚಳಿಕೆ ಬರೆಸಿಕೊಂಡು ಹೋದರು, ಮದುವೆ ನಿಂತಿತು. ಹುಡುಗಿ ಮಾತ್ರ ಸಾಲಿಗೆ ಹೋಗಲಿಲ್ಲ, ತಮ್ಮನನ್ನು ಹಿಡಿಯುವವರು ಈಗಲೂ ಬೇರೆ ಯಾರೂ ಇಲ್ಲ.

ಜೊತೆಗೆ, ಕಟ್ಟಡದ ಎದುರಿನ ಕಂಬದ ಲೈಟು ಹೋಗಿ ಗಣೇಶ ಹಬ್ಬ ಕಳೆದು ಯುಗಾದಿಯೂ ಬಂತು. ಗಟಾರಿನ ಹೂಳೆತ್ತಿ ದಂಡೆಯಲ್ಲೇ ಬಿಟ್ಟಿದ್ದಾರೆ, ಮೊದಲ ಮಳೆಗೆ ಅದು ಮತ್ತೆ ಒಳಗೇ ಇಳಿಯುತ್ತದೆ. ನೀರು ಎಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ. ನಾಯಿಗಳ ಬಗ್ಗೆ ಪ್ರತ್ಯೇಕ ಮನವಿಯನ್ನೇ ಕೊಟ್ಟಿದ್ದೇವೆ, ಅದನ್ನು ಈ ಏಳರಲ್ಲಿ ಎಣಿಸಿಲ್ಲ.

ಬರುವ ತಿಂಗಳ ಮೊದಲ ಸೋಮವಾರದೊಳಗೆ ಬೀಗ ತೆಗೆಯದಿದ್ದರೆ, ಅಂದು ಸಂಜೆ ನಾಲ್ಕಕ್ಕೆ ಓಣಿಯ ಎಲ್ಲ ಮಕ್ಕಳನ್ನು ತಮ್ಮ ಕಾರ್ಯಾಲಯಕ್ಕೆ ಕರೆತಂದು ಬಿಡುತ್ತೇವೆ. ಎಂಟಕ್ಕೆ, ಟಂಟಂ ಬಂದ ಮೇಲೆ, ತಾಯಂದಿರೇ ಬಂದು ಕರೆದುಕೊಂಡು ಹೋಗುತ್ತಾರೆ. ಅಲ್ಲಿಯವರೆಗೆ ಕುಡಿಯುವ ನೀರು ಮತ್ತು ಶೌಚಾಲಯದ ಕೀಲಿಯ ವ್ಯವಸ್ಥೆ ಮಾಡಿಡಬೇಕಾಗಿ ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು
(ಸಹಿಗಳು ಮತ್ತು ಹೆಬ್ಬೆಟ್ಟಿನ ಗುರುತುಗಳು ಹಿಂಬದಿಯ ಮೂರು ಹಾಳೆಗಳಲ್ಲಿ)

ಪ್ರತಿ: ಜಿಲ್ಲಾಧಿಕಾರಿಗಳಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಸಿಡಿಪಿಓ ಅವರಿಗೆ

ಲಗತ್ತು: ಹಿಂದಿನ ಮನವಿಗಳ ಪ್ರತಿ 6, ಬೀಗದ ಫೋಟೋ 1, ಕಟ್ಟಡದ ಹಿಂದೆ ಆರಿಸಿದ ಖಾಲಿ ಸಲ್ಯೂಷನ್ ಟ್ಯೂಬು 14 (ಪ್ಲಾಸ್ಟಿಕ್ ಚೀಲದಲ್ಲಿ, ಇವುಗಳ ಮೇಲೂ ಆವಕ ಮುದ್ರೆ ಒತ್ತಿ ಕೊಡಬೇಕು)