ಉತ್ತರ ಸಿಕ್ಕಿತ್ತು, ಎಲ್ಲಿಟ್ಟೆವು?

ಮಾನ್ಯರೇ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯೊಂದಿತ್ತು. ಕೋಹಾ ತಂತ್ರಾಂಶ ಬಳಸುವ ಗ್ರಂಥಾಲಯ ಸಿಬ್ಬಂದಿ ಕಾರವಾರದಲ್ಲಿ ಸಭೆ ಸೇರಿ, ಇನ್ನು ಮುಂದೆ ಎಲ್ಲ ಸಂದೇಹ, ಪರಿಹಾರಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿಯೇ ನಡೆಸಲು ತೀರ್ಮಾನಿಸಿದರು ಎಂಬುದು ಅದರ ಸಾರ. ಸಭೆಗೆ ನಾನು ಹೋಗಿರಲಿಲ್ಲ. ಶಿರಸಿಯಿಂದ ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಬರುವುದೆಂದರೆ ಇಡೀ ದಿನದ ಕೆಲಸ. ಮಳೆಗಾಲದಲ್ಲಿ ಮಂಡಿನೋವಿನವಳಿಗೆ ಅದು ಆಗದ ಮಾತು. ಹೋಗಿದ್ದರೆ ಅಲ್ಲಿಯೇ ಎದ್ದು ನಿಂತು ಹೇಳುತ್ತಿದ್ದುದನ್ನು ಈಗ ನಿಮ್ಮ ಮೂಲಕ ಹೇಳುತ್ತೇನೆ: ಆ ತೀರ್ಮಾನ ಅರ್ಧ ಮಾತ್ರ ಸರಿ.

ಕೋಹಾ ಗೊತ್ತಿಲ್ಲದವರಿಗೆ ಎರಡು ಮಾತು. ಪುಸ್ತಕಗಳ ಸೂಚಿ, ಎರವಲು, ವಾಪಸಾತಿ ಎಲ್ಲವನ್ನೂ ನೋಡಿಕೊಳ್ಳುವ ಮುಕ್ತ ತಂತ್ರಾಂಶ ಅದು. ನ್ಯೂಜಿಲೆಂಡಿನ ಲೆವಿನ್ ಎಂಬ ಸಣ್ಣ ಊರಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟ್‌ನವರ ಹಳೆಯ ವ್ಯವಸ್ಥೆ 2000ನೇ ಇಸವಿಯ ದಿನಾಂಕವನ್ನು ತಾಳಲಾರದು ಎಂದು ಗೊತ್ತಾದಾಗ, ಅವರು ಹೊಸದನ್ನೇ ಬರೆಸಿದರು. ಆ ವರ್ಷದ ಜನವರಿಯಲ್ಲಿ ಬಳಕೆಗೆ ತಂದು, ಆಮೇಲೆ ಲೋಕಕ್ಕೇ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ, ಅದೂ ಮರಳಿಸುವ ಹಂಗಿರುವ ಉಡುಗೊರೆ. ಮುಯ್ಯಾಳು ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರವಾನಗಿ ಶುಲ್ಕ ಇಲ್ಲ. ಹಣ ಪಡೆದು ನೆರವಾಗುವ ಸಂಸ್ಥೆಗಳಿದ್ದರೂ ಆ ಹಣ ನಮ್ಮ ಬಳಿ ಇರುವುದಿಲ್ಲ. ಕೆಟ್ಟರೆ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದೇ ದಾರಿ. ಆದ್ದರಿಂದ ಎಲ್ಲಿ ಕೇಳುತ್ತೇವೆ, ಬಂದ ಉತ್ತರ ಎಲ್ಲಿ ಉಳಿಯುತ್ತದೆ ಎಂಬುದು ನಮಗೆ ಸಣ್ಣ ಸಂಗತಿಯಲ್ಲ.

ನಾನು ನಿವೃತ್ತಳಾಗುವ ಐದಾರು ವರ್ಷ ಮೊದಲು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೋಹಾ ಬಂತು. ಎರಡು ಬೇಸಿಗೆ ರಜೆಗಳನ್ನು ಸುರಿದು ಕನ್ನಡ ಪುಸ್ತಕಗಳ ವಿವರವನ್ನು ಕನ್ನಡದಲ್ಲಿಯೇ ಬೆರಳಚ್ಚು ಮಾಡಿದೆವು. ಉದ್ಘಾಟನೆಗೆ ಎರಡು ದಿನ ಇರುವಾಗ ಸಹಾಯಕಿ ಹುಡುಕುವ ಪೆಟ್ಟಿಗೆಯಲ್ಲಿ ‘ಯಕ್ಷಗಾನ’ ಎಂದು ಬರೆದು ಒತ್ತಿದಳು. ಏನೂ ಇಲ್ಲ. ಎದುರಿನ ಕಪಾಟಿನಲ್ಲಿ ಎರಡು ಸಾಲು ಯಕ್ಷಗಾನದ ಪುಸ್ತಕಗಳು ನಮ್ಮನ್ನೇ ನೋಡುತ್ತಿವೆ, ಪರದೆ ಮಾತ್ರ ಒಂದೂ ಇಲ್ಲ ಎನ್ನುತ್ತಿದೆ. ‘ಅಡಿಕೆ’ ಎಂದು ಕೇಳಿದರೆ ಸಂಬಂಧವೇ ಇಲ್ಲದ ವ್ಯಾಕರಣ ಪುಸ್ತಕ ಬಂತು.

ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದೆ. ಕರಾವಳಿ ಕಡೆಯ ಒಬ್ಬರು ಹತ್ತೇ ನಿಮಿಷದಲ್ಲಿ ಉತ್ತರಿಸಿದರು: ‘ಮೇಡಂ, ಐಸಿಯುಗೆ ಬದಲಾಯಿಸಿ.’ ಐಸಿಯು ಎಂದರೆ ಈ ಜಿಲ್ಲೆಯವರಿಗೆ ನೆನಪಾಗುವುದು ಹುಬ್ಬಳ್ಳಿಯ, ಮಣಿಪಾಲದ ದಾರಿ, ರಾತ್ರಿ ಆಂಬುಲೆನ್ಸಿನ ಹಾರನ್. ಇವರು ಹೇಳಿದ್ದು ಬೇರೆ. ಕೋಹಾ ಸಾಮಾನ್ಯವಾಗಿ ಪುಸ್ತಕ ಹುಡುಕುವುದು ಜೀಬ್ರಾ ಎಂಬ ಇನ್ನೊಂದು ತಂತ್ರಾಂಶದ ನೆರವಿನಿಂದ. ಅದು ಶಬ್ದಗಳನ್ನು ಒಡೆದು ಸೂಚಿ ಮಾಡುವ ಕ್ರಮಗಳು ಎರಡು. ಹಳೆಯದು ರೋಮನ್ ಅಕ್ಷರಗಳಿಗೆ ಹೊಂದುವಂಥದ್ದು. ಐಸಿಯು ಎಂಬುದು ಕನ್ನಡವೂ ಸೇರಿದಂತೆ ಯೂನಿಕೋಡ್ ಲಿಪಿಗಳನ್ನು ಬಲ್ಲದ್ದು. ಸರ್ವರಿನ ಒಂದು ಕಡತದಲ್ಲಿ ಕೆಲವು ಸಾಲು ತಿದ್ದಿ, ಸೂಚಿಯನ್ನು ಮೊದಲಿನಿಂದ ಮತ್ತೆ ಕಟ್ಟಿಸಬೇಕು. ಅವರು ಕಡತದ ಹೆಸರನ್ನೂ ಆದೇಶವನ್ನೂ ಬರೆದು ಕಳಿಸಿದರು. ಒಂದು ತಾಸಿನಲ್ಲಿ ಕಪಾಟಿನಲ್ಲಿದ್ದದ್ದೆಲ್ಲ ಪರದೆಯ ಮೇಲೂ ಬಂತು. ಅವರಿಗೆ ಒಂದು ನಮಸ್ಕಾರ, ಸಹಾಯಕಿಗೆ ಒಂದು ಕಷಾಯ, ಅಲ್ಲಿಗೆ ಮುಗಿಯಿತು.

ಮುಗಿದಿರಲಿಲ್ಲ. ಮೂರು ವರ್ಷದ ನಂತರ ಸರ್ವರ್ ಹಾಳಾಗಿ ಹೊಸದರಲ್ಲಿ ಎಲ್ಲವನ್ನೂ ಮತ್ತೆ ಹಾಕಿದಾಗ ಅದೇ ರೋಗ ಮರಳಿತು. ಅಷ್ಟರಲ್ಲಿ ನನ್ನ ಹಳೆಯ ಮೊಬೈಲ್ ಬಚ್ಚಲಿನ ಹಂಡೆಗೆ ಬಿದ್ದು ತೀರಿಕೊಂಡಿತ್ತು. ಉತ್ತರ ಕೊಟ್ಟವರು ಗುಂಪು ಬಿಟ್ಟಿದ್ದರು. ಹೊಸದಾಗಿ ಸೇರಿದವರಿಗೆ ಮೂರು ವರ್ಷ ಹಿಂದಿನ ಮಾತು ಕಾಣುವುದೇ ಇಲ್ಲ. ಇದ್ದವರಲ್ಲಿ ಒಬ್ಬರು ‘ಹೌದು, ಆಗ ಏನೋ ಹೇಳಿದ್ದರು’ ಎಂದರು. ಕೊನೆಗೆ ಉತ್ತರ ಸಿಕ್ಕಿದ್ದು ಕೋಹಾ ಬಳಗದ ಹಳೆಯ ಮಿಂಚಂಚೆಗಳ ಸಂಗ್ರಹದಲ್ಲಿ. ಯಾವುದೋ ದೂರದೇಶದ ಗ್ರಂಥಪಾಲಕರು ಅರಬ್ಬಿ ಲಿಪಿಯ ಪುಸ್ತಕಗಳಿಗಾಗಿ ಇದೇ ಗೋಳು ತೋಡಿಕೊಂಡಿದ್ದರು, ಇನ್ನಾರೋ ಇದೇ ಮದ್ದು ಹೇಳಿದ್ದರು. ಆ ಇಬ್ಬರಿಗೂ ಶಿರಸಿ ಎಂಬ ಊರಿರುವುದು ಗೊತ್ತಿಲ್ಲ. ನಾನು ಯಾರ ಅನುಮತಿಯನ್ನೂ ಕೇಳಲಿಲ್ಲ, ಯಾವ ಗುಂಪನ್ನೂ ಸೇರಲಿಲ್ಲ. ಹುಡುಕಿದೆ, ಸಿಕ್ಕಿತು.

ನನ್ನ ತಕರಾರು ಇಷ್ಟೇ. ಹರಟೆಯ ಗುಂಪು ಕೇಳುವುದಕ್ಕೆ ಒಳ್ಳೆಯದು, ಇಡುವುದಕ್ಕಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿ ಎಷ್ಟು ಚಂದ ಮಾತಾಡಿದರೂ ಬೆಳಗಾಗುವಾಗ ಅದು ಗಾಳಿಗೆ ಹೋಗಿರುತ್ತದೆ. ಅದರ ಸೊಗಸೇ ಅದು. ಸರ್ವರ್ ರಿಪೇರಿಗೆ ಆ ಸೊಗಸು ಬೇಡ.

ಗುಂಪಿಗೆ ಬರುವ ಪ್ರಶ್ನೆಗಳ ರೂಪವನ್ನೂ ನೋಡಿ. ಕಂಪ್ಯೂಟರ್ ಪರದೆಯ ಫೋಟೊ. ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ, ದೋಷದ ಸಂದೇಶ ಅರ್ಧ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಬರುತ್ತಿಲ್ಲ’ ಎಂದು ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ. ಕೋಹಾದ ಯಾವ ಆವೃತ್ತಿ, ಕಂಪ್ಯೂಟರ್ ನಡೆಸುವ ಕಾರ್ಯಾಚರಣಾ ವ್ಯವಸ್ಥೆ ಡೆಬಿಯನ್ನೋ ಉಬುಂಟುವೋ, ಸುಳಿವಿಲ್ಲ. ಪರಿಹಾರ ಹೇಳುವವರು ಎರಡು ನಿಮಿಷದ ಧ್ವನಿಸಂದೇಶ ಕಳಿಸುತ್ತಾರೆ, ಹಿಂದೆ ಮಿಕ್ಸರ್ ಸದ್ದು. ಇವನ್ನೆಲ್ಲ ಆರು ತಿಂಗಳ ಮೇಲೆ ಯಾವ ಶಬ್ದ ಹಾಕಿ ಹುಡುಕುವುದು? ನಡುವೆ ಚೌತಿಯ ಶುಭಾಶಯಗಳು ಬೇರೆ. ಹೋದ ವರ್ಷ ಒಂದೇ ಬೆಳಿಗ್ಗೆ ಅರವತ್ತೆರಡು ಗಣಪತಿಗಳನ್ನು ಎಣಿಸಿದ್ದೇನೆ. ಗ್ರಂಥಾಲಯ ವಿಜ್ಞಾನದ ಹಿರಿಯರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದಿಟ್ಟ ಐದು ಸೂತ್ರಗಳನ್ನು ಬಾಯಿಪಾಠ ಮಾಡಿ ಪದವಿ ಪಡೆದವರು ನಾವು. ನಾಲ್ಕನೆಯದು ಓದುಗನ ಸಮಯ ಉಳಿಸು ಎನ್ನುತ್ತದೆ. ಊರಿಗೆಲ್ಲ ಸೂಚಿ ಮಾಡಿಕೊಡುವವರು ನಮ್ಮದೇ ಪ್ರಶ್ನೋತ್ತರಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೇವೆ.

ಇನ್ನೊಂದು ಸಂಗತಿಯನ್ನು ಸಭೆಯಲ್ಲಿ ಯಾರೂ ಎತ್ತಿರಲಿಕ್ಕಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಶ್ನೆ ಕೇಳಿದವಳ ಫೋನ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಗುಂಪಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಬಾರ್‌ಕೋಡ್ ಮುದ್ರಣದ ಬಗ್ಗೆ ಕೇಳಿದ ರಾತ್ರಿಯೇ ಅಪರಿಚಿತನೊಬ್ಬ ‘ಊಟ ಆಯಿತೇ’ ಎಂದು ಶುರುಮಾಡಿದ. ಆಮೇಲೆ ಅವಳು ಗುಂಪಿನಲ್ಲಿ ಏನನ್ನೂ ಕೇಳಲಿಲ್ಲ; ನನಗೆ ಫೋನ್ ಮಾಡಿ ಕೇಳುತ್ತಾಳೆ, ನಾನು ನನ್ನ ಹೆಸರಿನಲ್ಲಿ ಗುಂಪಿಗೆ ಹಾಕುತ್ತೇನೆ. ಹೀಗೆ ನನ್ನ ಮೂಲಕ ಪ್ರಶ್ನೆ ಕೇಳುವ ಹೆಣ್ಣುಮಕ್ಕಳು ಈಗ ನಾಲ್ವರು. ಅರವತ್ತು ದಾಟಿದವಳಿಗೆ ಯಾರೂ ಊಟ ಆಯಿತೇ ಎಂದು ಕೇಳುವುದಿಲ್ಲವಲ್ಲ.

ಹಾಗೆಂದು ಸ್ವಂತ ವೇದಿಕೆ ಕಟ್ಟಿಬಿಡಿ ಎಂದು ಉಪದೇಶಿಸುವ ಧೈರ್ಯ ನನಗಿಲ್ಲ. ಒಮ್ಮೆ ಕಟ್ಟಿ ಕೈಸುಟ್ಟುಕೊಂಡವರಲ್ಲಿ ನಾನೂ ಒಬ್ಬಳು. ಏಳೆಂಟು ಮಂದಿ ತಲಾ ಐನೂರು ರೂಪಾಯಿ ಹಾಕಿ ಅಂತರಜಾಲದಲ್ಲಿ ಅಗ್ಗದ ಜಾಗವೊಂದನ್ನು ಬಾಡಿಗೆಗೆ ಹಿಡಿದೆವು. ಸೇರಿದ್ದು ಹನ್ನೊಂದು ಜನ, ಅದರಲ್ಲಿ ಅರ್ಧ ಜನ ಪಾಸ್‌ವರ್ಡ್ ಮರೆತರು. ಜೂಜಿನ ಜಾಹೀರಾತುಗಳು ಮಾತ್ರ ದಿನಕ್ಕೆ ನೂರರಂತೆ ಬಂದವು, ಅಳಿಸಲು ಯಾರಿಗೂ ಪುರುಸೊತ್ತಿಲ್ಲ. ಜಾಲತಾಣದ ವಿಳಾಸವನ್ನು ನೋಂದಾಯಿಸಿದ್ದ ಹುಡುಗ ಪುಣೆಯಲ್ಲಿ ಕೆಲಸಕ್ಕೆ ಸೇರಿದ. ನವೀಕರಣದ ಸೂಚನೆ ಹೋದದ್ದು ಅವನ ಹಳೆಯ ಮಿಂಚಂಚೆಗೆ. ಒಂದು ಬೆಳಿಗ್ಗೆ ನೋಡಿದರೆ ನಮ್ಮ ಮನೆಯೇ ಇಲ್ಲ. ಬಿದ್ದದ್ದು ತಂತ್ರಾಂಶದಿಂದಲ್ಲ, ಒಂದೇ ಕೀಲಿ, ಅದೂ ಒಬ್ಬನ ಜೇಬಿನಲ್ಲಿ.

ಈ ಪಾಡು ನಮ್ಮದು ಮಾತ್ರವಲ್ಲ. ಕೋಹಾದ ಮೊದಲ ಜಾಲತಾಣದ ವಿಳಾಸವೇ ಒಂದು ಅಮೆರಿಕನ್ ಕಂಪನಿಯ ಕೈ ಸೇರಿ, ವಿರಸ ಬಂದಾಗ ಲೋಕದ ಬಳಕೆದಾರರೆಲ್ಲ ಬೇರೆ ವಿಳಾಸದಲ್ಲಿ ಮನೆ ಹೂಡಬೇಕಾಯಿತು. ಗೆಳೆಯರ ಜಾಲತಾಣ ಆರ್ಕುಟ್ 2014ರಲ್ಲಿ, ಯಾಹೂ ಗುಂಪುಗಳು 2020ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದವು. ಕಚೇರಿಗಳ ಹರಟೆತಾಣ ಸ್ಲ್ಯಾಕ್ 2022ರಲ್ಲಿ ಹಣ ಕೊಡದ ಗುಂಪುಗಳಿಗೆ 90 ದಿನಕ್ಕಿಂತ ಹಳೆಯ ಮಾತನ್ನು ಮರೆಮಾಡಿತು. ಬಾಡಿಗೆ ಮನೆಯಲ್ಲಿ ತಪ್ಪಿಲ್ಲ; ಬಿಡುವಾಗ ಪಾತ್ರೆಪಗಡ ಹೊತ್ತೊಯ್ಯಲು ಬರಬೇಕು, ಅಷ್ಟೇ.

ಈಗ ಯಾವುದು ಎಂದು ಕೇಳಿದರೆ, ನನ್ನ ಒಲವು ಜುಲಿಪ್ ಕಡೆಗೆ. ಅದೂ ಮುಕ್ತ ತಂತ್ರಾಂಶವೇ. ಹರಟೆಯಂತೆಯೇ ನಡೆಯುತ್ತದೆ, ಆದರೆ ಪ್ರತಿ ಮಾತೂ ಒಂದು ವಿಷಯದ ಹೆಸರಿನ ಕೆಳಗೆ ಕೂರುತ್ತದೆ. ವಿಷಯ ಶೀರ್ಷಿಕೆ ಕೊಟ್ಟು ಕೂದಲು ನರೆತವಳಿಗೆ ಇದಕ್ಕಿಂತ ಹಿತವಾದದ್ದು ಇನ್ನೇನು? ಬೇಕಾದ ವಿಭಾಗವನ್ನು ಖಾತೆಯಿಲ್ಲದವರೂ ಓದುವಂತೆ ತೆರೆದಿಡಬಹುದು, ಎಲ್ಲವನ್ನೂ ಇಳಿಸಿಕೊಂಡು ಹೊರಡಲೂಬಹುದು. ಚರ್ಚಾವೇದಿಕೆ ಕಟ್ಟುವ ಡಿಸ್ಕೋರ್ಸ್ ಎಂಬ ಮುಕ್ತ ತಂತ್ರಾಂಶ 2013ರಿಂದ ಇದೆ, ಪ್ರಶ್ನೋತ್ತರಕ್ಕೆ ಅದು ಇನ್ನೂ ಗಟ್ಟಿ. ಆದರೆ ಅದನ್ನು ನಾವೇ ನಡೆಸುವುದಾದರೆ ಸ್ವಂತ ಸರ್ವರ್, ನಡೆಯುವ ಮಿಂಚಂಚೆ ವ್ಯವಸ್ಥೆ, ತಿಂಗಳ ಬಾಡಿಗೆ ಇವನ್ನೆಲ್ಲ ಯಾರಾದರೂ ಹೊರಬೇಕು. ಆಷಾಢದಲ್ಲಿ ಮೂರು ದಿನ ಕರೆಂಟ್ ಇಲ್ಲದ ಊರಿನವರು ಆ ಸರ್ವರನ್ನು ಗ್ರಂಥಾಲಯದ ಮೂಲೆಯಲ್ಲಿ ಇಡುತ್ತೇವೆ ಎನ್ನಬಾರದು. ಟೆಲಿಗ್ರಾಂನಲ್ಲಿ ಫೋನ್ ಸಂಖ್ಯೆ ಮುಚ್ಚಿಡಬಹುದು, ಹೊಸಬರಿಗೆ ಹಳೆಯದನ್ನು ತೋರಿಸಬಹುದು. ಆದರೂ ಅದು ಗೋಣಿಚೀಲವೇ, ಸ್ವಲ್ಪ ದೊಡ್ಡದು.

ವಾಟ್ಸ್‌ಆ್ಯಪ್ ಗುಂಪನ್ನು ಮುಚ್ಚುವುದು ಬೇಡ. ಜೊಯಿಡಾದಲ್ಲಿ ಬೆಟ್ಟ ಹತ್ತಿ ಸಿಗ್ನಲ್ ಹಿಡಿಯುವವರಿಗೆ ಅದೇ ಸುಲಭ, ಜನ ಇರುವುದೂ ಅಲ್ಲಿಯೇ. ಪ್ರಶ್ನೆ ಅಲ್ಲಿ ಬರಲಿ. ಬಗೆಹರಿದದ್ದನ್ನು ವಾರಕ್ಕೊಬ್ಬರಂತೆ ಸರದಿಯಲ್ಲಿ ಎತ್ತಿ, ಕನ್ನಡ ಅಕ್ಷರದಲ್ಲಿ ಶೀರ್ಷಿಕೆ ಕೊಟ್ಟು, ದೋಷದ ಸಂದೇಶವನ್ನು ಫೋಟೊದಿಂದ ಬಿಡಿಸಿ ಬರೆದು, ಕೇಳಿದವರ ಹೆಸರು ತೆಗೆದು ಜುಲಿಪ್‌ನಂಥ ತೆರೆದ ಜಾಗಕ್ಕೆ ಸೇರಿಸೋಣ. ಕೀಲಿ ಕರಾವಳಿಯಲ್ಲಿ ಒಬ್ಬರ ಬಳಿ, ಘಟ್ಟದ ಮೇಲೆ ಒಬ್ಬರ ಬಳಿ, ಬಯಲುಸೀಮೆಯ ಕಡೆ ಹಳಿಯಾಳದಲ್ಲೊಬ್ಬರ ಬಳಿ ಇರಲಿ. ಮುಂಡಗೋಡದ ಕಡೆಯಿಂದ ಟಿಬೆಟಿಯನ್ ಲಿಪಿಯ ಪುಸ್ತಕಗಳ ಹುಡುಕಾಟದ ಬಗ್ಗೆ ಒಬ್ಬರು ಕೇಳಿ ಎರಡು ತಿಂಗಳಾಯಿತು. ಆ ಪ್ರಶ್ನೆ ಈಗ ಯಾವ ಗಣಪತಿಯ ಕೆಳಗಿದೆಯೋ.

ಮೊದಲ ಸರದಿ ನನ್ನದು. ಹಂಡೆಯ ಪ್ರಕರಣದ ನಂತರ ಇನ್ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಬಗೆಹರಿದ ಪ್ರಶ್ನೆಗಳನ್ನು ಬರೆಯುತ್ತ ಬಂದಿದ್ದೇನೆ, ಈವರೆಗೆ ಎಪ್ಪತ್ತಮೂರು. ಈ ಮಳೆಗೆ ಅಂಚಿನಲ್ಲಿ ಬೂಷ್ಟು ಹಿಡಿದಿದೆ. ಪೂರ್ತಿ ತಿನ್ನುವ ಮೊದಲು ಬೆರಳಚ್ಚು ಮಾಡಿ ಕೊಡುತ್ತೇನೆ. ಮುಂದಿನ ಸಭೆಯನ್ನು ದಯವಿಟ್ಟು ಕುಮಟಾದಲ್ಲಿ ಇಡಿ, ನನ್ನ ಮಂಡಿಗೆ ಅಷ್ಟು ಇಳಿಜಾರು ಸಾಕು. ದಿನಾಂಕವನ್ನು ವಾಟ್ಸ್‌ಆ್ಯಪ್‌ನಲ್ಲಿಯೇ ತಿಳಿಸಿ, ಮರುದಿನ ಯಾರಿಗೂ ಅದು ಬೇಕಾಗುವುದಿಲ್ಲ.

— ನಿವೃತ್ತ ಗ್ರಂಥಪಾಲಕಿ, ಶಿರಸಿ